ನಿಮ್ಮ ಕೊಡಲಿ ಗೆಳೆಯರ ಆಟದಲ್ಲಿ: ಜೊತೆಯಾಗಿ ಆಡುವ ರ‍್ಯಾಂಡಮೈಸರ್ ಶುರು ಮಾಡುವುದು ಹೇಗೆ

ನೀವು ಎರಡು ಮೂರು ಸಲ ಮುಗಿಸಿದ ಒಂದು ವಿಡಿಯೋ ಗೇಮ್ ನೆನಪಿಸಿಕೊಳ್ಳಿ. ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾವ ಗುಹೆಯಲ್ಲಿ ಯಾವ ಶಕ್ತಿ ಸಿಗುತ್ತದೆ, ಎಲ್ಲ ಬಾಯಿಪಾಠ. ಆ ಸಾಮಾನನ್ನೆಲ್ಲ ಜಾಗ ಬದಲಿಸಿ ಇಟ್ಟರೆ? ಆಟ ಅದೇ, ದಾರಿ ಮಾತ್ರ ಹೊಸದು. ಇದು ರ‍್ಯಾಂಡಮೈಸರ್. ಇದನ್ನು ಒಬ್ಬರೇ ಆಡಬಹುದು. ಆದರೆ ನಾಲ್ಕು ಜನರ ನಾಲ್ಕು ಬೇರೆ ಬೇರೆ ಆಟಗಳ ಸಾಮಾನನ್ನು ಒಟ್ಟಿಗೆ ಕಲಸಿ ಹಂಚಿದರೆ ಮಜಾನೇ ಬೇರೆ.

ಒಂದು ಉದಾಹರಣೆ ನೋಡಿ. ನೀವು ಮೈಸೂರಿನ ಕುವೆಂಪುನಗರದಲ್ಲಿ ಕೂತು ಸೆಲೆಸ್ಟ್ 64 ಆಡುತ್ತಿದ್ದೀರಿ. ಮಂಡ್ಯದಲ್ಲಿರುವ ನಿಮ್ಮ ಗೆಳತಿ ಸ್ಟಾರ್ಡ್ಯೂ ವ್ಯಾಲಿ ಆಡುತ್ತಿದ್ದಾಳೆ. ನೀವು ಒಂದು ಸ್ಟ್ರಾಬೆರಿ ಹಿಡಿದ ತಕ್ಷಣ ಅವಳ ಆಟದಲ್ಲಿ ಕೊಡಲಿ ಅಪ್‌ಗ್ರೇಡ್ ಆಗುತ್ತದೆ. ಅವಳು ಕಮ್ಯುನಿಟಿ ಸೆಂಟರ್‌ನಲ್ಲಿ ಒಂದು ಬಂಡಲ್ ಮುಗಿಸುತ್ತಾಳೆ. ನಿಮ್ಮ ಆಟದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದ ಸ್ಪ್ರಿಂಗ್‌ಗಳು ಕೆಲಸ ಮಾಡಲು ಶುರು ಮಾಡುತ್ತವೆ. ಇಬ್ಬರೂ ಮುಗಿಸಬೇಕಾದರೆ ಇಬ್ಬರೂ ಆಡಬೇಕು.

ಇದಕ್ಕೆ ಈಗ ಹೆಚ್ಚಿನವರು ಬಳಸುವ ಸಾಧನ ಆರ್ಕಿಪೆಲಗೊ. ಉಚಿತ, ಓಪನ್ ಸೋರ್ಸ್, ಪೈಥಾನ್‌ನಲ್ಲಿ ಬರೆದದ್ದು. ಮೊದಲು ಜೆಲ್ಡಾ ಸರಣಿಯ ಎ ಲಿಂಕ್ ಟು ದ ಪಾಸ್ಟ್ ಆಟಕ್ಕೆಂದು ಹುಟ್ಟಿದ್ದು ಬೆಳೆಯುತ್ತಾ ಹೋಗಿ ಈಗ ಬೇರೆ ಬೇರೆ ಕಾಲದ, ಬೇರೆ ಬೇರೆ ಬಗೆಯ ಆಟಗಳನ್ನು ಒಂದೇ ಎಳೆಯಲ್ಲಿ ಕಟ್ಟುತ್ತದೆ. ಕಂಪ್ಯೂಟರ್ ಕೆಲಸ ಒಂದು ಗಂಟೆಯದ್ದು. ಸಂಜೆ ಚೆನ್ನಾಗಿ ಹೋಗುತ್ತದೋ ಹಾಳಾಗುತ್ತದೋ ಎಂಬುದು ಅದಕ್ಕೂ ಮೊದಲು ನೀವು ಮಾಡಿಕೊಳ್ಳುವ ಮಾತುಕತೆಯಲ್ಲಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಜನ, ಆಮೇಲೆ ಆಟ

ಮೊದಲ ಸಲಕ್ಕೆ ಇಬ್ಬರು, ಜಾಸ್ತಿ ಅಂದರೆ ಮೂವರು ಸಾಕು. ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಎಂಟು ಜನ "ನಾನೂ ಬರ್ತೀನಿ" ಅನ್ನುತ್ತಾರೆ. ಭಾನುವಾರ ಸಂಜೆ ಬರುವವರು ಅದರಲ್ಲಿ ಅರ್ಧ. ಬಾರದವರ ಆಟಗಳಲ್ಲಿ ನಿಮಗೆ ಬೇಕಾದ ಸಾಮಾನು ಸಿಕ್ಕಿಬಿದ್ದಿರುತ್ತದೆ. ಅವರು ಆಡದೆ ಅದು ಹೊರಗೆ ಬರುವುದಿಲ್ಲ. ಬಂದೇ ಬರುತ್ತೇನೆ ಅನ್ನುವವರನ್ನು ಮಾತ್ರ ಸೇರಿಸಿಕೊಳ್ಳಿ.

ಇದರಲ್ಲಿ ಎರಡು ಪದ್ಧತಿ ಇವೆ. ಎಲ್ಲರೂ ಒಂದೇ ಹೊತ್ತಿಗೆ ಕೂತು ಒಂದೇ ಬೈಠಕ್‌ನಲ್ಲಿ ಮುಗಿಸುವುದು ಸಿಂಕ್. ಅವರವರ ಬಿಡುವಿನಲ್ಲಿ ದಿನಗಟ್ಟಲೆ, ವಾರಗಟ್ಟಲೆ ಆಡುವುದು ಅಸಿಂಕ್. ದಸರಾ ರಜೆ ಬಂದಾಗ ಅಸಿಂಕ್ ಆಡೋಣ ಅಂತ ಎಲ್ಲರಿಗೂ ಆಸೆ. ಒಬ್ಬರು ಅಜ್ಜಿ ಮನೆಗೆ ಹೋಗುತ್ತಾರೆ, ಇನ್ನೊಬ್ಬರ ಮನೆಗೆ ಜಂಬೂ ಸವಾರಿ ನೋಡಲು ನೆಂಟರು ಬರುತ್ತಾರೆ, ಅಲ್ಲಿಗೆ ಆಟ ನಿಂತಿತು. ಮೊದಲ ಸಲ ಸಿಂಕ್ ಇರಲಿ. ಒಂದು ಸಂಜೆ, ಮೂರು ನಾಲ್ಕು ಗಂಟೆ, ಫೋನ್‌ನಲ್ಲೋ ಡಿಸ್ಕಾರ್ಡ್‌ನಲ್ಲೋ ಮಾತಾಡುತ್ತಾ.

ಈಗ ಆಟ ಆರಿಸುವುದು. ಒಂದೇ ನಿಯಮ ಹೇಳಬೇಕೆಂದರೆ ಇದು: ಚೆನ್ನಾಗಿ ಗೊತ್ತಿರುವ ಆಟವನ್ನೇ ಆರಿಸಿ. "ಈ ನೆಪದಲ್ಲಿ ಹೊಸ ಗೇಮ್ ಕಲಿತ ಹಾಗೂ ಆಯ್ತು" ಅನ್ನುವವರು ಯಾವಾಗಲೂ ಒಬ್ಬರು ಇರುತ್ತಾರೆ. ಅವರನ್ನು ತಡೆಯಿರಿ. ರ‍್ಯಾಂಡಮೈಸರ್ ಆಡುವವರಿಗೆ ಯಾವ ಜಾಗಕ್ಕೆ ಯಾವ ಸಾಮಾನು ಬೇಕು ಎಂಬುದು ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದವರು ಇಡೀ ಸಂಜೆ ಗೋಡೆ ನೋಡುತ್ತಾ ನಿಲ್ಲುತ್ತಾರೆ. ಅವರಿಂದ ಸಾಮಾನು ಬಾರದೆ ಉಳಿದವರೂ ಕಾಯುತ್ತಾರೆ.

ಎರಡನೆಯದು ಆಟಗಳ ಉದ್ದ. ಒಬ್ಬರದು ಎರಡು ಗಂಟೆಯ ಆಟ, ಇನ್ನೊಬ್ಬರದು ಇಪ್ಪತ್ತು ಗಂಟೆಯ ಆಟ ಆದರೆ ಮೊದಲನೆಯವರು ಬೇಗ ಸಿಕ್ಕಿಹಾಕಿಕೊಂಡು ಬೇಸರಪಡುತ್ತಾರೆ.

ಶುರುವಿಗೆ ನಾನು ಹೇಳುವ ಆಟಗಳು ಇವು. ಸೆಲೆಸ್ಟ್ 64 ಉಚಿತ. ಸೆಲೆಸ್ಟ್ ಮಾಡಿದ ತಂಡವೇ 2024ರ ಜನವರಿಯಲ್ಲಿ ಬಿಡುಗಡೆ ಮಾಡಿದ ಪುಟ್ಟ ಆಟ. ಇರುವುದು 30 ಸ್ಟ್ರಾಬೆರಿ. ಆರ್ಕಿಪೆಲಗೊಗೆಂದು ತಯಾರಿಸಿದ ಆವೃತ್ತಿಯನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಚೆಕ್ಸ್‌ಫೈಂಡರ್ ಕೂಡ ಉಚಿತ, ಹಳೆಯ ವಿಂಡೋಸ್‌ನ ಮೈನ್‌ಸ್ವೀಪರ್ ತರಹದ್ದು. ಬೋರ್ಡಿನ ಅಗಲ, ಎತ್ತರ, ಬಾಂಬ್‌ಗಳೇ ಇದರಲ್ಲಿ ಐಟಂಗಳು. ಗೇಮ್ ಅಂದರೆ ದೂರ ಇರುವವರನ್ನೂ ಇದರಲ್ಲಿ ಸೇರಿಸಿಕೊಳ್ಳಬಹುದು. ದುಡ್ಡು ಕೊಟ್ಟು ಕೊಳ್ಳುವ ಚಿಕ್ಕ ಆಟ ಬೇಕೆಂದರೆ 2019ರ ಎ ಶಾರ್ಟ್ ಹೈಕ್ ಒಳ್ಳೆಯದು. ಬೆಟ್ಟ ಹತ್ತಲು ಬೇಕಾದ ಚಿನ್ನದ ಗರಿಗಳನ್ನು ಇಲ್ಲಿ ಬೇರೆಯವರು ಹುಡುಕಿ ಕಳಿಸುತ್ತಾರೆ. ಈ ಮೂರೂ ಆಫೀಸ್ ಲ್ಯಾಪ್‌ಟಾಪ್‌ನಲ್ಲೇ ಓಡುವಂಥವು.

2016ರ ಸ್ಟಾರ್ಡ್ಯೂ ವ್ಯಾಲಿ ನಮ್ಮ ಕಡೆ ಬೇಗ ಹಿಡಿಸುತ್ತದೆ, ಬೇಸಾಯದ ಆಟ ಅಲ್ವಾ. ಆದರೆ ರ‍್ಯಾಂಡಮೈಸರ್‌ನಲ್ಲಿ ಋತುಗಳೂ ಐಟಂ ಆಗಬಹುದು. ಬೇಸಿಗೆ ಬೇಕೆಂದರೆ ಅದನ್ನು ಯಾರೋ ತಮ್ಮ ಆಟದಲ್ಲಿ ಹುಡುಕಿ ಕಳಿಸಬೇಕು. ಬಿತ್ತನೆ ಬೀಜದ್ದೂ ಅದೇ ಕಥೆ. ನಾಲೆಗೆ ನೀರು ಯಾವಾಗ ಬಿಡ್ತಾರೋ ಅಂತ ಕಾಯುವ ಮಂಡ್ಯದವರಿಗೆ ಇದು ಹೊಸದೇನಲ್ಲ. ಪೂರ್ತಿ ಆಟ ಇಟ್ಟುಕೊಂಡರೆ ತುಂಬಾ ಉದ್ದ. ಗಣಿಯ 120ನೇ ಮಹಡಿ ಮುಟ್ಟುವುದನ್ನು ಗುರಿ ಮಾಡಿ, ಉಳಿದ ಆಯ್ಕೆಗಳನ್ನು ಕಡಿಮೆ ಇಟ್ಟರೆ ಸ್ವಲ್ಪ ಹತೋಟಿಗೆ ಬರುತ್ತದೆ. ಆದರೂ ಇದು ಎರಡನೇ ಸುತ್ತಿನ ಆಟ ಎಂದೇ ನನ್ನ ಅಭಿಪ್ರಾಯ.

ಹಳೆಯ ನಿಂಟೆಂಡೊ ಆಟಗಳಿಗೂ ಬೆಂಬಲವಿದೆ. 1991ರ ಎ ಲಿಂಕ್ ಟು ದ ಪಾಸ್ಟ್, 1994ರ ಸೂಪರ್ ಮೆಟ್ರಾಯ್ಡ್, 1998ರ ಆಕರಿನಾ ಆಫ್ ಟೈಮ್ ಎಲ್ಲ ಇವೆ. ಆದರೆ ಇವಕ್ಕೆ ಆಟದ ರಾಮ್ (ROM) ಫೈಲ್, ಅಂದರೆ ಕ್ಯಾಸೆಟ್‌ನ ಒಳಗಿರುವ ಆಟದ ನಕಲು, ನಿಮ್ಮದೇ ಪ್ರತಿಯಿಂದ ಬರಬೇಕು, ಆರ್ಕಿಪೆಲಗೊ ಅದನ್ನು ಕೊಡುವುದಿಲ್ಲ. ಆ ಕಾಲದಲ್ಲಿ ನಮ್ಮ ಮನೆಗಳಿಗೆ ಬಂದ ಕ್ಯಾಸೆಟ್‌ಗಳು ಯಾವುವು ಎಂದು ನಮಗೇ ಗೊತ್ತಲ್ಲ! ಸ್ಟೀಮ್‌ನಲ್ಲಿ ಕೊಂಡ ಆಟ ಇದ್ದರೆ ತಲೆನೋವಿಲ್ಲ.

ಆಯ್ಕೆ ಫೈಲ್

ಆರ್ಕಿಪೆಲಗೊ ಡಾಟ್ ಜಿಜಿ ಎಂಬ ಸೈಟಿಗೆ ಹೋಗಿ. ಬೆಂಬಲ ಇರುವ ಆಟಗಳ ಪಟ್ಟಿ ಅಲ್ಲಿದೆ. ಪ್ರತಿ ಆಟಕ್ಕೂ ಒಂದು ಸೆಟಪ್ ಗೈಡ್, ಒಂದು ಆಪ್ಷನ್ಸ್ ಪುಟ. ಸೆಟಪ್ ಗೈಡ್ ಓದದೆ ಮುಂದೆ ಹೋಗಬೇಡಿ. ಕೆಲವು ಆಟಕ್ಕೆ ಮಾಡ್ (ಆಟವನ್ನು ಬದಲಿಸುವ ಸೇರ್ಪಡೆ) ಬೇಕು, ಕೆಲವಕ್ಕೆ ಹಳೆಯ ಯಂತ್ರದ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್ ಬೇಕು, ಕೆಲವಕ್ಕೆ ಏನೂ ಬೇಡ. ಆಟಗಾರರೆಲ್ಲ ಆರ್ಕಿಪೆಲಗೊ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಲೇಬೇಕು ಅಂತಿಲ್ಲ. ಸೆಲೆಸ್ಟ್ 64, ಸ್ಟಾರ್ಡ್ಯೂ ತರಹದವು ನೇರವಾಗಿ ಸರ್ವರ್‌ಗೆ ಸೇರುತ್ತವೆ. ಆದರೂ ಆರ್ಕಿಪೆಲಗೊ ಜೊತೆ ಬರುವ, ಸಂದೇಶ ನೋಡಿ ಆಜ್ಞೆ ಟೈಪ್ ಮಾಡುವ ಟೆಕ್ಸ್ಟ್ ಕ್ಲೈಂಟ್ ಉಪಯೋಗಕ್ಕೆ ಬರುತ್ತದೆ. ವಿಂಡೋಸ್, ಲಿನಕ್ಸ್ ಎರಡಕ್ಕೂ ಗಿಟ್‌ಹಬ್‌ನ ರಿಲೀಸ್ ಪುಟದಲ್ಲಿ ಸಿಗುತ್ತದೆ.

ಆಪ್ಷನ್ಸ್ ಪುಟದಲ್ಲಿ ನಿಮಗೆ ಬೇಕಾದ್ದನ್ನು ಆರಿಸಿ, ಎಕ್ಸ್‌ಪೋರ್ಟ್ ಗುಂಡಿ ಒತ್ತಿ. ಒಂದು ಯಾಮಲ್ ಫೈಲ್ ಇಳಿಯುತ್ತದೆ. ಅದು ಬರೀ ಅಕ್ಷರದ ಫೈಲ್, ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತದೆ. ನಿಮ್ಮ ಹೆಸರು, ಆಟದ ಹೆಸರು, ಆಯ್ಕೆಗಳು ಅದರಲ್ಲಿವೆ. ಕೈಯಿಂದ ತಿದ್ದುವುದಾದರೆ ಸಾಲಿನ ಮುಂದಿನ ಖಾಲಿ ಜಾಗ ಹಾಳು ಮಾಡಬೇಡಿ. ಟ್ಯಾಬ್ ಕೀ ಬೇಡವೇ ಬೇಡ, ಸ್ಪೇಸ್ ಬಾರ್ ಮಾತ್ರ.

ಹೆಸರು 16 ಅಕ್ಷರದ ಒಳಗಿರಬೇಕು. ಇದೇ ನಿಮ್ಮ ಸ್ಲಾಟ್ ಹೆಸರು, ಅಂದರೆ ನಿಮ್ಮ ಪಾಲಿನ ಆಟದ ಗುರುತು. ಆಮೇಲೆ ಸೇರುವಾಗ ದೊಡ್ಡಕ್ಷರ, ಚಿಕ್ಕಕ್ಷರ ಸಹಿತ ಹಾಗೆಯೇ ಟೈಪ್ ಮಾಡಬೇಕು. ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಸುಮ್ನೆ ಆಟದ ಫಾಂಟ್ ಜೊತೆ ಜಗಳ ಯಾಕೆ.

ಆಯ್ಕೆಗಳ ಪಟ್ಟಿ ನೋಡಿ ಗಾಬರಿ ಬೇಡ. ಗಮನ ಕೊಡಬೇಕಾದ್ದು ನಾಲ್ಕೈದಕ್ಕೆ ಮಾತ್ರ. ಗೋಲ್ ಎಂದರೆ ನಿಮ್ಮ ಆಟ ಮುಗಿಯುವುದು ಯಾವಾಗ ಎಂಬುದು. ಇರುವುದರಲ್ಲಿ ಚಿಕ್ಕದನ್ನು ಹಿಡಿಯಿರಿ. ಪ್ರೋಗ್ರೆಷನ್ ಬ್ಯಾಲೆನ್ಸಿಂಗ್ 50 ಇರುತ್ತದೆ, ಹಾಗೇ ಬಿಡಿ. ಯಾರಾದರೂ ಶುರುವಿನಲ್ಲೇ ಸಿಕ್ಕಿಹಾಕಿಕೊಳ್ಳುವ ಹಾಗಿದ್ದರೆ ಅವರಿಗೆ ಬೇಕಾದ್ದನ್ನು ಬೇಗ ಸಿಗುವ ಜಾಗಕ್ಕೆ ತರುವ ಏರ್ಪಾಡು ಅದು. ಆಕ್ಸೆಸಿಬಿಲಿಟಿ ಫುಲ್ ಇರಲಿ. ಹಾಗಿದ್ದರೆ ಎಲ್ಲ ಜಾಗಗಳಿಗೂ ತಲುಪಲು ಸಾಧ್ಯ ಎಂಬ ಖಾತರಿ ಇರುತ್ತದೆ. ಟ್ರ್ಯಾಪ್‌ಗಳ, ಅಂದರೆ ಸಿಕ್ಕರೆ ತೊಂದರೆ ಕೊಡುವ ಐಟಂಗಳ, ಆಯ್ಕೆ ಇದ್ದರೆ ಕಡಿಮೆ ಮಾಡಿ.

ಇನ್ನು ಡೆತ್‌ಲಿಂಕ್. ಇದನ್ನು ಆನ್ ಮಾಡಿಕೊಂಡವರಲ್ಲಿ ಒಬ್ಬರು ಸತ್ತರೆ ಎಲ್ಲರೂ ಸಾಯುತ್ತಾರೆ. ಕೇಳಲು ಮಜಾ. ಆದರೆ ಸೆಲೆಸ್ಟ್ ಆಡುವವರು ನಿಮಿಷಕ್ಕೆ ಎಷ್ಟು ಸಲ ಬೀಳುತ್ತಾರೆ ಅಂತ ಯೋಚಿಸಿ. ಜೊತೆಗಿರುವವರು ಮಾತು ಬಿಡುವ ಮೊದಲು ಆಫ್ ಮಾಡಿ.

ಒಬ್ಬರೇ ಒಂದು ಸಲ ಆಡಿ ನೋಡಿ

ಇದನ್ನು ಬಿಡಬೇಡಿ. ಭಾನುವಾರ ಎಲ್ಲರೂ ಸೇರುವುದಾದರೆ ಶುಕ್ರವಾರವೋ ಶನಿವಾರವೋ ಪ್ರತಿಯೊಬ್ಬರೂ ತಮ್ಮ ಆಟವನ್ನು ಒಂಟಿಯಾಗಿ ಒಮ್ಮೆ ಸೇರಿಸಿ ನೋಡಬೇಕು. ಆಪ್ಷನ್ಸ್ ಪುಟದಲ್ಲೇ ಒಬ್ಬರ ಆಟ ತಯಾರಿಸುವ ಗುಂಡಿ ಇದೆ. ರೂಮ್ (ಆಟಗಾರರು ಬಂದು ಸೇರುವ ಸರ್ವರ್) ಮಾಡಿ, ಆಟ ತೆರೆದು, ಸರ್ವರ್ ವಿಳಾಸ ಮತ್ತು ಸ್ಲಾಟ್ ಹೆಸರು ಹಾಕಿ. ಇವನ್ನು ಎಲ್ಲಿ ಹಾಕಬೇಕು ಎಂಬುದು ಆಟದಿಂದ ಆಟಕ್ಕೆ ಬೇರೆ. ಸ್ಟಾರ್ಡ್ಯೂನಲ್ಲಿ ಹೊಸ ಪಾತ್ರ ಮಾಡುವ ಪರದೆಯಲ್ಲೇ ಕೇಳುತ್ತದೆ. ಒಂದು ಐಟಂ ತೆಗೆದಾಗ, ಯಾರು ಏನು ತೆಗೆದರು ಎಂದು ತೋರಿಸುವ ರೂಮ್‌ನ ಟ್ರ್ಯಾಕರ್‌ನಲ್ಲಿ ಅದು ಕಾಣಿಸಿತೇ? ಹಾಗಾದರೆ ನೀವು ತಯಾರು.

ತೊಂದರೆ ಬರುವುದೆಲ್ಲ ಇಲ್ಲೇ. ಮಾಡ್‌ನ ಆವೃತ್ತಿ ಬೇರೆ ಇರುತ್ತದೆ, ಸ್ಟೀಮ್ ತಾನಾಗಿ ಆಟವನ್ನು ಅಪ್‌ಡೇಟ್ ಮಾಡಿ ಮಾಡ್ ಕೆಡಿಸಿರುತ್ತದೆ, ಇಲ್ಲ ಆಂಟಿವೈರಸ್ ಯಾವುದೋ ಫೈಲ್ ತಿಂದಿರುತ್ತದೆ. ಮೂವರ ಸಮಸ್ಯೆ ಒಂದೇ ಸಂಜೆ ಬಿಡಿಸಲು ಹೋದರೆ ಆಟಕ್ಕೆ ಹೊತ್ತೇ ಉಳಿಯುವುದಿಲ್ಲ. ಇನ್ನೊಂದು ಮಾತು: ಮಾಡ್ ಹಾಕುವ ಮೊದಲು ನಿಮ್ಮ ಮಾಮೂಲಿ ಸೇವ್ ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ನಕಲು ಮಾಡಿಡಿ. ವರ್ಷಗಟ್ಟಲೆ ಬೆಳೆಸಿದ ತೋಟ ಅದು.

ರೂಮ್ ಮಾಡುವುದು

ಒಬ್ಬರು ಯಜಮಾನಿಕೆ ವಹಿಸಿಕೊಳ್ಳಿ. ಎಲ್ಲರ ಯಾಮಲ್ ಫೈಲ್‌ಗಳನ್ನು ತರಿಸಿಕೊಂಡು, ಸೈಟಿನ ಜನರೇಟ್ ಗೇಮ್ ಪುಟದಲ್ಲಿ ಒಟ್ಟಿಗೆ ಅಪ್‌ಲೋಡ್ ಮಾಡಿ. ತಪ್ಪಿದ್ದರೆ ಯಾರ ಫೈಲಿನಲ್ಲಿ ಅಂತ ಅದೇ ಹೇಳುತ್ತದೆ. ಸರಿಯಿದ್ದರೆ ಸೀಡ್, ಅಂದರೆ ಎಲ್ಲರ ಸಾಮಾನು ಕಲಸಿ ಹಂಚಿದ ಆಟ, ತಯಾರಾಗುತ್ತದೆ. ಅಲ್ಲಿಂದ ಹೊಸ ರೂಮ್ ತೆರೆದು ಅದರ ಲಿಂಕನ್ನು ಗ್ರೂಪಿಗೆ ಹಾಕಿ. ಸೇರಲು ಬೇಕಾದ ವಿಳಾಸ, ಪೋರ್ಟ್ ಸಂಖ್ಯೆ ಸಹಿತ, ರೂಮ್ ಪುಟದಲ್ಲೇ ಇರುತ್ತದೆ.

ಯಜಮಾನರು ಇದನ್ನು ತಮ್ಮ ಸ್ವಂತ ಕಂಪ್ಯೂಟರಿನ ಮಾಮೂಲಿ ಬ್ರೌಸರ್‌ನಲ್ಲೇ ಮಾಡಬೇಕು. ರೂಮ್ ಯಾರದು ಎಂದು ಸೈಟು ಗುರುತಿಸುವುದು ಆ ಬ್ರೌಸರ್‌ನ ಕುಕಿಯಿಂದ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮಾಡಿ ಮುಚ್ಚಿಬಿಟ್ಟರೆ ಸರ್ವರ್‌ಗೆ ಆಜ್ಞೆ ಕೊಡುವ ಅಧಿಕಾರ ಹೋಯಿತು.

2 ಗಂಟೆ ಯಾರೂ ಏನೂ ಮಾಡದಿದ್ದರೆ ರೂಮ್ ನಿದ್ದೆ ಹೋಗುತ್ತದೆ. ಯಾರಾದರೂ ರೂಮ್ ಪುಟವನ್ನು ರಿಫ್ರೆಶ್ ಮಾಡಿದರೆ ಎದ್ದು ಕೂರುತ್ತದೆ, ಏನೂ ಕಳೆದುಹೋಗುವುದಿಲ್ಲ. ಊಟ ಮುಗಿಸಿ ಬಂದಾಗ ಸೇರಲಾಗುತ್ತಿಲ್ಲ ಅಂದರೆ ಮೊದಲು ಇದನ್ನೇ ಮಾಡಿ. ಪೋರ್ಟ್ ಸಂಖ್ಯೆ ಬದಲಾಗಿದೆಯೇ ಅಂತಲೂ ನೋಡಿ.

ತಯಾರಿಸುವಾಗಲೇ ಕೇಳುವ ಎರಡು ಪ್ರಶ್ನೆಗಳಿವೆ, ರಿಲೀಸ್ ಮತ್ತು ಕಲೆಕ್ಟ್. ರಿಲೀಸ್ ಎಂದರೆ ನೀವು ಗುರಿ ಮುಟ್ಟಿದ ಮೇಲೆ ನಿಮ್ಮ ಆಟದಲ್ಲಿ ಉಳಿದ ಬೇರೆಯವರ ಸಾಮಾನೆಲ್ಲ ಅವರಿಗೆ ಹೋಗುವುದು. ಕಲೆಕ್ಟ್ ಎಂದರೆ ಬೇರೆಯವರ ಆಟದಲ್ಲಿರುವ ನಿಮ್ಮ ಸಾಮಾನೆಲ್ಲ ನಿಮಗೆ ಬಂದುಬಿಡುವುದು. ಎರಡನ್ನೂ ಆಟೋ ಇಡಬಹುದು, ಅಸಿಂಕ್‌ಗೆ ಅದೇ ಸರಿ. ಆದರೆ ಮೂವರ ಸಣ್ಣ ಆಟದಲ್ಲಿ ಒಬ್ಬರು ಬೇಗ ಮುಗಿಸಿದರೆ ಉಳಿದವರ ಮೇಲೆ ಒಂದೇ ಸಲ ಸಾಮಾನಿನ ಮಳೆ ಸುರಿಯುತ್ತದೆ. ಹುಡುಕುವ ಖುಷಿ ಅಲ್ಲಿಗೆ ಮುಗಿಯಿತು. ಗುರಿ ಮುಟ್ಟಿದವರು ಬೇಕೆಂದಾಗ ಮಾತ್ರ ಕೊಡುವ ಹಾಗೆ ಇಡುವುದು ನನಗೆ ಇಷ್ಟ.

ಇಂಟರ್ನೆಟ್, ಕರೆಂಟು

ಇಲ್ಲಿ ಒಂದು ಒಳ್ಳೆಯ ಸುದ್ದಿ. ಈ ಆಟಕ್ಕೆ ವೇಗದ ಇಂಟರ್ನೆಟ್ ಬೇಡ. ನಿಮ್ಮ ಆಟ ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ. ಇಂಥವರು ಇಂಥ ಐಟಂ ತೆಗೆದರು ಎಂಬ ಪುಟ್ಟ ಸಂದೇಶಗಳು ಮಾತ್ರ ಆಚೀಚೆ ಹೋಗುತ್ತವೆ. ಮೊಬೈಲ್ ಹಾಟ್‌ಸ್ಪಾಟ್ ಸಾಕು. ಪಿಂಗ್ ಎಷ್ಟಿದ್ದರೂ ಪರವಾಗಿಲ್ಲ. ಹಾಸ್ಟೆಲ್ ಅಥವಾ ಕಾಲೇಜಿನ ವೈಫೈನಲ್ಲಿ ಸೇರಲು ಆಗದಿದ್ದರೆ ಆ ಪೋರ್ಟ್‌ಗೆ ಅಲ್ಲಿ ತಡೆ ಇರಬಹುದು. ಆಗಲೂ ಹಾಟ್‌ಸ್ಪಾಟೇ ಗತಿ.

ಕರೆಂಟು ಹೋದರೆ? ನಿಮಗೆ ಬಂದ ಐಟಂಗಳ ಲೆಕ್ಕವೆಲ್ಲ ಸರ್ವರ್‌ನಲ್ಲಿರುತ್ತದೆ. ನೀವು ಇಲ್ಲದಾಗ ಬೇರೆಯವರು ಕಳಿಸಿದ್ದೂ ಮತ್ತೆ ಸೇರಿದಾಗ ಬರುತ್ತದೆ. ನಿಮ್ಮ ಆಟದ ಸೇವ್ ಮಾತ್ರ ನಿಮ್ಮ ಜವಾಬ್ದಾರಿ.

ಸೈಟು ಬಿಟ್ಟು ನಿಮ್ಮದೇ ಕಂಪ್ಯೂಟರನ್ನು ಸರ್ವರ್ ಮಾಡಬಹುದು, ಮಾಮೂಲಿ ಪೋರ್ಟ್ 38281. ಎಲ್ಲರೂ ಒಂದೇ ಮನೆಯ ವೈಫೈನಲ್ಲಿ ಕೂತಿದ್ದರೆ ಸುಲಭ. ಊರಾಚೆಯವರು ಸೇರಬೇಕೆಂದರೆ ರೌಟರ್‌ನಲ್ಲಿ ಪೋರ್ಟ್ ತೆರೆಯಬೇಕು. ಎಷ್ಟೋ ಮನೆ ಬ್ರಾಡ್‌ಬ್ಯಾಂಡ್‌ಗಳಲ್ಲಿ ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರುತ್ತಾರೆ. ಅಂಥ ಕಡೆ ಪೋರ್ಟ್ ತೆರೆದರೂ ಪ್ರಯೋಜನವಿಲ್ಲ. ಸೈಟಿನ ರೂಮೇ ವಾಸಿ.

ಆಡುವ ಹೊತ್ತು

ಎಲ್ಲರೂ ಸೇರಿದ ಮೇಲೆ ಶುರು. ಮೊದಲ ಅರ್ಧ ಗಂಟೆ ಎಲ್ಲರಿಗೂ ಸುಲಭವಾಗಿ ಸಿಗುವ ಜಾಗಗಳಿರುತ್ತವೆ. ಆಮೇಲೆ ಒಬ್ಬೊಬ್ಬರೇ ನಿಲ್ಲುತ್ತಾರೆ. ಮಾಡಲು ಏನೂ ಉಳಿಯದೆ ಬೇರೆಯವರಿಗಾಗಿ ಕಾಯುವ ಈ ಸ್ಥಿತಿಗೆ ಆಡುವವರ ಭಾಷೆಯಲ್ಲಿ ಬಿಕೆ ಅನ್ನುತ್ತಾರೆ. ಬಿಕೆ ಆಗುವುದು ತಪ್ಪಲ್ಲ, ಎಲ್ಲರಿಗೂ ಆಗುತ್ತದೆ. ಆದರೆ ಬಿಕೆ ಅಂತ ಕೂಗುವ ಮೊದಲು ಟ್ರ್ಯಾಕರ್ ನೋಡಿ. ಹತ್ತರಲ್ಲಿ ಒಂಬತ್ತು ಸಲ ಯಾವುದೋ ಜಾಗ ಕಣ್ಣು ತಪ್ಪಿರುತ್ತದೆ. ಸೀಡ್ ತಯಾರಿಸುವಾಗಲೇ ಎಲ್ಲರೂ ಮುಗಿಸಲು ಸಾಧ್ಯವೇ ಎಂದು ಲೆಕ್ಕ ಹಾಕಿರುತ್ತದೆ. ಅದನ್ನೇ ಲಾಜಿಕ್ ಅನ್ನುವುದು. ಹಾಗಾಗಿ ದಾರಿ ಇದ್ದೇ ಇದೆ, ನಿಮ್ಮ ಹತ್ತಿರ ಇಲ್ಲದಿದ್ದರೆ ಇನ್ನೊಬ್ಬರ ಹತ್ತಿರ.

ನಿಜವಾಗಿಯೂ ನಿಂತರೆ ಹಿಂಟ್ ಕೇಳಿ. ಟೆಕ್ಸ್ಟ್ ಕ್ಲೈಂಟ್‌ನಲ್ಲಿ ಆಶ್ಚರ್ಯ ಚಿಹ್ನೆ, ಅದಕ್ಕೆ ಅಂಟಿಕೊಂಡ ಹಾಗೆ ಇಂಗ್ಲಿಷ್‌ನಲ್ಲಿ ಹಿಂಟ್ ಎಂಬ ಪದ, ಸ್ಪೇಸ್ ಬಿಟ್ಟು ಐಟಂ ಹೆಸರು. ಆ ಐಟಂ ಯಾರ ಆಟದ ಯಾವ ಜಾಗದಲ್ಲಿದೆ ಎಂದು ಉತ್ತರ ಬರುತ್ತದೆ. ಇದು ಪುಕ್ಕಟೆಯಲ್ಲ. ನೀವು ಪ್ರತಿ ಜಾಗ ತೆಗೆದಾಗಲೂ ಪಾಯಿಂಟ್ ಸೇರುತ್ತದೆ. ಹಿಂಟ್ ಬೆಲೆ ನಿಮ್ಮ ಒಟ್ಟು ಜಾಗಗಳ ಶೇಕಡಾ 10 ಎಂದಿಟ್ಟರೆ, 100 ಜಾಗಗಳ ಆಟದಲ್ಲಿ ಪ್ರತಿ 10 ಜಾಗಕ್ಕೆ ಒಂದು ಹಿಂಟ್. ಚಿಲ್ಲರೆ ಸಾಮಾನಿಗೆ ಅದನ್ನು ಖರ್ಚು ಮಾಡಬೇಡಿ. ದಾರಿ ತೆರೆಯುವ ಐಟಂ ಯಾವುದು ಎಂದು ಯೋಚಿಸಿ ಕೇಳಿ.

ಯಾರದೋ ಹಿಂಟ್ ನಿಮ್ಮ ಆಟದ ಜಾಗ ತೋರಿಸಿದರೆ ಕೈಯಲ್ಲಿರುವುದನ್ನು ಬಿಟ್ಟು ಮೊದಲು ಅಲ್ಲಿಗೆ ಹೋಗಿ. "ಇರಪ್ಪಾ, ಈ ಬಾಸ್ ಮುಗಿಸಿ ಬರ್ತೀನಿ" ಅನ್ನುವವರಿಂದಲೇ ಜಗಳ ಶುರುವಾಗುವುದು. ಜೊತೆಯಾಗಿ ಆಡುವ ಆಟದಲ್ಲಿ ಮರ್ಯಾದೆ ಅಂದರೆ ಇದೊಂದೇ.

ಕಾಯುವವರಿಗೆ ಎಪಿಸುಡೋಕು ಎಂಬ ಒಂದು ಚಂದದ ಏರ್ಪಾಡಿದೆ. ನಿಮ್ಮದೇ ಸ್ಲಾಟ್ ಹೆಸರಿನಲ್ಲಿ ಸೇರಿ ಸುಡೋಕು ಬಿಡಿಸಿದರೆ ಬಹುಮಾನವಾಗಿ ಹಿಂಟ್ ಸಿಗುತ್ತದೆ. ಇಲ್ಲವೇ ಎದ್ದು ಹೋಗಿ ಒಂದು ಮದ್ದೂರು ವಡೆ ತಿಂದು ಬನ್ನಿ.

ನಡುವೆ ಯಾರಾದರೂ ಬಿಟ್ಟು ಹೋಗಬೇಕಾಯಿತು ಅನ್ನಿ. ಯಜಮಾನರು ರೂಮ್ ಪುಟದ ಆಜ್ಞೆಯ ಪೆಟ್ಟಿಗೆಯಲ್ಲಿ ಅವರ ಸ್ಲಾಟನ್ನು ರಿಲೀಸ್ ಮಾಡಬಹುದು. ಅವರ ಆಟದಲ್ಲಿ ಸಿಕ್ಕಿದ್ದ ಸಾಮಾನೆಲ್ಲ ಉಳಿದವರಿಗೆ ಹೋಗುತ್ತದೆ, ಸಂಜೆ ಹಾಳಾಗುವುದಿಲ್ಲ. ಎಲ್ಲಿ ಏನಿದೆ ಎಂಬ ಪೂರ್ತಿ ಪಟ್ಟಿ ಸ್ಪಾಯ್ಲರ್ ಲಾಗ್‌ನಲ್ಲಿರುತ್ತದೆ. ಏನೋ ಕೆಟ್ಟಿದೆ ಎಂಬ ಅನುಮಾನ ಬಂದಾಗ ಮಾತ್ರ, ಅದೂ ಯಜಮಾನರು ಮಾತ್ರ ತೆರೆಯಲಿ.

ಪಟ್ಟಿಯಲ್ಲಿ ಇಲ್ಲದ ಆಟಗಳು

ಒಂದು ಸಂಜೆ ಸರಿಯಾಗಿ ಮುಗಿದರೆ ಎಲ್ಲರೂ ತಮ್ಮ ಮೆಚ್ಚಿನ ಆಟ ಇದೆಯೇ ಎಂದು ಹುಡುಕಲು ಶುರು ಮಾಡುತ್ತಾರೆ. ಸೈಟಿನ ಪಟ್ಟಿಯಲ್ಲಿ ಇಲ್ಲದ ಆಟಗಳಿಗೂ ಹವ್ಯಾಸಿಗಳು ಎಪಿವರ್ಲ್ಡ್ ಎಂಬ ಫೈಲ್ ತಯಾರಿಸುತ್ತಾರೆ. ಇವನ್ನು ಸೈಟಿನಲ್ಲಿ ಜನರೇಟ್ ಮಾಡಲಾಗುವುದಿಲ್ಲ. ಯಜಮಾನರ ಕಂಪ್ಯೂಟರಿನಲ್ಲಿ ಆರ್ಕಿಪೆಲಗೊ ಇನ್‌ಸ್ಟಾಲ್ ಆಗಿರಬೇಕು. ಎಪಿವರ್ಲ್ಡ್ ಫೈಲನ್ನು ಲಾಂಚರ್‌ನಿಂದ ಸೇರಿಸಿ, ಎಲ್ಲರ ಯಾಮಲ್‌ಗಳನ್ನು ಪ್ಲೇಯರ್ಸ್ ಫೋಲ್ಡರ್‌ಗೆ ಹಾಕಿ, ಲಾಂಚರ್‌ನಲ್ಲಿ ಜನರೇಟ್ ಒತ್ತಬೇಕು. ಔಟ್‌ಪುಟ್ ಫೋಲ್ಡರ್‌ನಲ್ಲಿ ಬರುವ ಜಿಪ್ ಫೈಲನ್ನು ಸೈಟಿನ ಹೋಸ್ಟ್ ಗೇಮ್ ಪುಟಕ್ಕೆ ಅಪ್‌ಲೋಡ್ ಮಾಡಿದರೆ ಮುಂದಿನದೆಲ್ಲ ಮೊದಲಿನ ಹಾಗೆಯೇ.

ಎಪಿವರ್ಲ್ಡ್ ಅಂದರೆ ಒಳಗಿರುವುದು ಪೈಥಾನ್ ಪ್ರೋಗ್ರಾಂ, ಅದು ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆ. ಯಾರೋ ಫಾರ್ವರ್ಡ್ ಮಾಡಿದ ಫೈಲ್ ಬೇಡ. ತಯಾರಿಸಿದವರದೇ ಗಿಟ್‌ಹಬ್ ಪುಟ ಹುಡುಕಿ, ಅಲ್ಲಿಂದಲೇ ಇಳಿಸಿಕೊಳ್ಳಿ.